ಸಿಲಿಕಾನಿನ ತಾಳ

ಚಿಪ್‌ನೊಳಗೇ ಕಂಪಿಸಿ ಕಾಲಮಾನ ಒದಗಿಸುವ ಸಿಲಿಕಾನ್ ಅನುರಣಕಗಳ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ಪುಣೆಯ ಬೇಸಿಗೆ ಒಳ್ಳೆಯ ಪರೀಕ್ಷಕ. ಯಾವ ಪರಿಹಾರವನ್ನೂ ಅಳವಡಿಸದ ಸಿಲಿಕಾನಿನ ಕಂಪನದ ಆವೃತ್ತಿ, ಉಷ್ಣತೆ ಒಂದು ಡಿಗ್ರಿ ಏರಿದರೆ ಹತ್ತು ಲಕ್ಷದಲ್ಲಿ ಸುಮಾರು 30 ಪಾಲು ಇಳಿಯುತ್ತದೆ; ಹತ್ತು ಡಿಗ್ರಿ ಏರಿದರೆ, ಅದನ್ನು ನಂಬಿದ ಗಡಿಯಾರ ದಿನಕ್ಕೆ ಸುಮಾರು 26 ಸೆಕೆಂಡು ಹಿಂದೆ ಬೀಳುತ್ತದೆ. ‘ಕ್ವಾರ್ಟ್ಜ್ ಹರಳಿರುವಾಗ ಇದರ ಉಸಾಬರಿ ಯಾಕೋ ಮಾರಾಯ?’ ಎಂದು ಧಾರವಾಡದ ಗೆಳೆಯ ಇವತ್ತೂ ಕೇಳಿದ. ಸೆಕೆಂಡಿಗೆ 32,768 ಬಾರಿ ಮಿಡಿಯುವ ಕೈಗಡಿಯಾರದ ಹರಳಿಗೆ ಇಷ್ಟು ಚಾಪಲ್ಯವಿಲ್ಲ, ನಿಜ. ಆದರೆ ಅದನ್ನು ಟ್ರಾನ್ಸಿಸ್ಟರುಗಳ ಜೊತೆ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಕೊರೆಯಲು ಬರುವುದಿಲ್ಲ. ಆದ್ದರಿಂದ ಸಿಲಿಕಾನಿಗೆ ಬೋರಾನನ್ನೋ ರಂಜಕವನ್ನೋ ದಟ್ಟವಾಗಿ ಬೆರೆಸಿ, ಇಲ್ಲವೇ ಬಿಸಿಯಾದಷ್ಟೂ ಬಿಗಿಯಾಗುವ ಆಕ್ಸೈಡಿನ ಪದರ ಹೊದಿಸಿ, ಉಳಿದ ವ್ಯತ್ಯಾಸವನ್ನು ಪಕ್ಕದ ತಾಪಸಂವೇದಕದ ನೆರವಿನಿಂದ ಸರ್ಕ್ಯೂಟಿನಲ್ಲಿ ತಿದ್ದುತ್ತಾರೆ. ಬೆರಕೆಯ ದಾರಿಯೇ ನನಗೆ ಇಷ್ಟ. ದೋಷ ಹುಟ್ಟಿದಲ್ಲೇ ಮದ್ದು.

ಸೆಕೆಗಿಂತ ವಿಚಿತ್ರ ಶತ್ರುವೂ ಉಂಟು. 2018ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಯಂತ್ರದ ಹೀಲಿಯಂ ಸೋರಿ, ಫೋನುಗಳೊಳಗಿನ ಇಂಥ ಅನುರಣಕವನ್ನು ಮುಚ್ಚಿಟ್ಟ ನಿರ್ವಾತದ ಗೂಡಿನೊಳಕ್ಕೆ ಅದರ ಪರಮಾಣುಗಳು ನುಸುಳಿ, ಹಲವರ ಐಫೋನ್‌ಗಳು ನಿಂತುಹೋದವು. ಕೆಲವು ದಿನಗಳಲ್ಲಿ ಹೀಲಿಯಂ ಹೊರಬಿದ್ದು, ಬಹುಪಾಲು ಫೋನುಗಳು ತಾವಾಗಿಯೇ ಸರಿಹೋದವು.