ನಿಂತ ನಾಣ್ಯಕ್ಕೆ ದೊಡ್ಡ ಕಾಯಿಲ್ ಬೇಕಿಲ್ಲ

ಹುಬ್ಬಳ್ಳಿಯಲ್ಲಿ ಮೆಟಲ್ ಡಿಟೆಕ್ಟರ್ ರಿಪೇರಿ ನನ್ನ ಕೆಲಸ. ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯೊಳಗಿನ ಕಬ್ಬಿಣ ಹಿಡಿಯುವಂಥವು, ಬಾಗಿಲಲ್ಲಿ ನಿಲ್ಲಿಸುವ ಚೌಕಟ್ಟುಗಳು ಹೆಚ್ಚಾಗಿ ಬರುತ್ತವೆ. ನಡುನಡುವೆ ಹೊಲದಲ್ಲಿ ಬಿದ್ದ ಒಡವೆ ಹುಡುಕಿಕೊಡಿ ಅಂತ ಫೋನ್ ಬಂದರೆ ಮಷೀನ್ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ನಿಧಿ ಹುಡುಕುವವರಿಗೆ ಮಾತ್ರ ನನ್ನಲ್ಲಿ ಮಷೀನೂ ಇಲ್ಲ, ಸಲಹೆಯೂ ಇಲ್ಲ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಹಳೆಯ ಗುಡಿಗಳ ಊರು ಲಕ್ಕುಂಡಿ ಕಡೆ ಹೋಗೋಣ ಬರ್ರಿ ಅಂದವರ ಫೋನನ್ನು ಅಲ್ಲಿಗೇ ಇಡುತ್ತೇನೆ.

ಹೊಲಕ್ಕೆ ಕರೆಯುವವರೆಲ್ಲ ಹೇಳುವುದು ಒಂದೇ ಮಾತು: "ದೊಡ್ಡ ಕಾಯಿಲ್ ತರ್ರಿ ಅಣ್ಣಾರ, ಆಳಕ್ಕ ಹೋಗೇತಿ." ಕಾಯಿಲ್ ಅಂದರೆ ಮಷೀನಿನ ತುದಿಯಲ್ಲಿರುವ, ನೆಲದ ಮೇಲೆ ಬೀಸುವ ತಂತಿ ಸುರುಳಿಯ ತಟ್ಟೆ. ಅಣ್ಣಿಗೇರಿ ಕಡೆಯ ಒಬ್ಬ ಅಮ್ಮಾರು ಹೇಳಿದ್ದೂ ಅದನ್ನೇ. ಕಡಲೆ ಕೀಳುವಾಗ ಪುತಳಿ ಸರದ ದಾರ ಹರಿದು ಪುತಳಿಗಳು, ಅಂದರೆ ನಾಣ್ಯದಂಥ ತೆಳು ಚಿನ್ನದ ಬಿಲ್ಲೆಗಳು, ಚೆಲ್ಲಿದ್ದವು. ಮೇಲೆ ಬಿದ್ದವನ್ನು ಅವರೇ ಆರಿಸಿಕೊಂಡಿದ್ದರು, ಉಳಿದವು ಕಾಣುತ್ತಿರಲಿಲ್ಲ.

ಕಡಲೆ ಕೀಳುವ ಹೊತ್ತಿಗೆ ಕಪ್ಪು ಮಣ್ಣಿನ ಎರೆ ಹೊಲ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಕೈ ಇಳಿಯುವಷ್ಟು ಬಿರುಕು. ತೆಳ್ಳನೆಯ ಪುತಳಿ ಅದರೊಳಗೆ ಹುಂಡಿಯ ಸೀಳಿಗೆ ಹಾಕಿದ ಕಾಸಿನಂತೆ ಜಾರಿ, ಮಲಗದೆ ನಿಂತುಬಿಡುತ್ತದೆ. ಮಳೆ ಬಿದ್ದರೆ ಎರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮಲಗಿದ್ದ ನಾಣ್ಯವನ್ನೂ ಈ ಉಬ್ಬು-ಕುಗ್ಗು ವರ್ಷಗಳಲ್ಲಿ ವಾಲಿಸುತ್ತದೆ. ನಮ್ಮ ಕಡೆ ಆಳಕ್ಕಿಂತ ನಾಣ್ಯ ನಿಂತ ಭಂಗಿಯೇ ಹೆಚ್ಚು ಕಾಡುವುದು.

ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ನಾಣ್ಯದ ಮುಖವನ್ನು ಹಾದುಹೋಗಬೇಕು. ಹಾದಾಗ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ, ಅದು ಎಬ್ಬಿಸುವ ಪುಟ್ಟ ಕ್ಷೇತ್ರವನ್ನು ಕಾಯಿಲ್‌ನ ಇನ್ನೊಂದು ಸುರುಳಿ ಹಿಡಿಯುತ್ತದೆ. ಕಾಯಿಲ್‌ನ ನಟ್ಟನಡುವೆ ಕ್ಷೇತ್ರ ನೇರ ಕೆಳಗಿಳಿಯುತ್ತದೆ. ಮಲಗಿದ ನಾಣ್ಯಕ್ಕೆ ಅದು ಪೂರ್ತಿ ತಾಗುತ್ತದೆ, ನಿಂತದ್ದಕ್ಕೆ ಅಂಚಿಗಷ್ಟೇ ಸವರಿ ಹೋಗುತ್ತದೆ.

ಹಾಗಂತ ವಾಲಿದ್ದೆಲ್ಲ ಕಳೆದೇಹೋಯಿತು ಅಂದುಕೊಳ್ಳಬೇಡಿ. 45 ಡಿಗ್ರಿ ವಾಲಿದರೆ ಸಿಗ್ನಲ್ ಅರ್ಧವಾಗುತ್ತದೆ, 60ಕ್ಕೆ ಕಾಲು ಭಾಗ. ಆದರೆ ಕಾಯಿಲ್‌ನಿಂದ ಸಾಕಷ್ಟು ದೂರದಲ್ಲಿ ಸಿಗ್ನಲ್ ದೂರದ ಆರನೇ ಘಾತದ ಲೆಕ್ಕದಲ್ಲಿ, ಅಂದರೆ ದೂರ ತುಸು ಹೆಚ್ಚಿದರೂ ಬಹಳ, ಬೀಳುವುದರಿಂದ, ಸಿಗ್ನಲ್ ಅರ್ಧವಾದರೂ ಆಳ ಅರ್ಧವಾಗುವುದಿಲ್ಲ. ಮಲಗಿದಾಗ 20 ಸೆಂಟಿಮೀಟರ್‌ನಲ್ಲಿ ಸಿಗುವುದು 45 ಡಿಗ್ರಿಯಲ್ಲಿ ಸುಮಾರು 18ರಲ್ಲಿ, 60 ಡಿಗ್ರಿಯಲ್ಲಿ ಸುಮಾರು 16ರಲ್ಲಿ ಸಿಗಬೇಕು. 75 ದಾಟಿದ ಮೇಲೆ ಬೇಗ ಕುಸಿಯುತ್ತದೆ. ಅಲ್ಪಸ್ವಲ್ಪ ವಾಲಿದ್ದಕ್ಕೆ ಹೊಸ ಕಾಯಿಲ್ ಕೊಳ್ಳುವವರನ್ನು ಕಂಡರೆ ನನಗೆ ನಗು. ಅಂಗಡಿಯವನಾಗಿ ನಗಬಾರದು, ಆದರೂ.

ಪೂರ್ತಿ ನಿಂತ ನಾಣ್ಯದ ಕಥೆಯೇ ಬೇರೆ. ಕಾನ್ಸೆಂಟ್ರಿಕ್ ಕಾಯಿಲ್‌ನ, ಅಂದರೆ ದೊಡ್ಡ ಸುತ್ತಿನೊಳಗೆ ಸಣ್ಣ ಸುತ್ತು ಇರುವುದರ, ನಡುವೆ ಅದು ಮೂಕ. ತಂತಿ ಸುತ್ತಿನ ಅಂಚು ಮೇಲೆ ಬಂದಾಗ ಕ್ಷೇತ್ರ ಅಡ್ಡಕ್ಕೆ ಬಾಗಿರುವುದರಿಂದ ಮಾತಾಡುತ್ತದೆ. ಹಾಗಾಗಿ ಒಂದೇ ನಾಣ್ಯ ಎರಡು ಸಲ ಕೂಗುತ್ತದೆ: ಒಂದು ಬೀಪ್, ನಡುವೆ ಮೌನ, ಇನ್ನೊಂದು ಬೀಪ್. ಹೊಸಬರು ಬೀಪ್ ಬಂದ ಎರಡೂ ಕಡೆ ಅಗೆಯುತ್ತಾರೆ. ಅಗೆಯಬೇಕಾದದ್ದು ಮೌನವಿದ್ದಲ್ಲಿ.

ಡಿಡಿ ಕಾಯಿಲ್‌ನಲ್ಲಿ ಎರಡು ಸುರುಳಿ ಒಂದರ ಮೇಲೊಂದು ತುಸು ಏರಿಕೊಂಡಿರುತ್ತವೆ. ನಡುವಿನ ಉದ್ದ ಪಟ್ಟಿಯೇ ಅದರ ಕಣ್ಣು. ಇಲ್ಲಿ ನಾಣ್ಯ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮುಖ ನೀವು ನಡೆಯುವ ದಿಕ್ಕಿಗಿದ್ದರೆ ಪಟ್ಟಿಯ ಮುಂದಿನ ಮತ್ತು ಹಿಂದಿನ ತುದಿಯಲ್ಲಿ ಸದ್ದು, ನಡುವೆ ಇಲ್ಲ. ಮುಖ ಪಕ್ಕಕ್ಕಿದ್ದರೆ ಎರಡು ಸುರುಳಿಗಳ ಕ್ಷೇತ್ರ ಎದುರುಬದುರು ವಾಲಿ, ಸಿಗ್ನಲ್ ತಲೆಕೆಳಗಾಗುತ್ತದೆ. ಯಾವ ಲೋಹವೆಂದು ಸೂಚಿಸುವ ಪರದೆಯ ಮೇಲಿನ ನಂಬರನ್ನು ಆಗ ನಂಬುವಂತಿಲ್ಲ. ಉಪಾಯ ಒಂದೇ: ಹೊಲವನ್ನು ಉದ್ದಕ್ಕೆ ನಡೆದ ಮೇಲೆ ಅಡ್ಡಕ್ಕೂ ನಡೆಯಬೇಕು. ಒಂದು ಬೀಸು ಇನ್ನೊಂದರ ಮೇಲೆ ಅರ್ಧಕ್ಕಿಂತ ಹೆಚ್ಚು ಏರಬೇಕು. ಈ ಶ್ರಮದ ಬದಲಿಗೆ ಕಾಯಿಲ್ ಬದಲಿಸಿದರೆ ಏನೂ ಆಗದು.

ದೊಡ್ಡ ಕಾಯಿಲ್ ಆಳ ಕೊಡುವುದು ದೊಡ್ಡ ವಸ್ತುವಿಗೆ. ಪುತಳಿಯಂಥ ತೆಳು ಚೂರಿಗೆ ಅದರ ಕ್ಷೇತ್ರ ಹರಡಿ ತೆಳುವಾಗಿರುತ್ತದೆ. ಜೊತೆಗೆ ಎತ್ತಿನ ನಾಲು, ಮೊಳೆ, ಔಷಧಿ ಪಾಕೀಟಿನ ಬೆಳ್ಳಿ ಹಾಳೆ ಎಲ್ಲವೂ ಒಟ್ಟಿಗೆ ಅದರಡಿ ಬಂದು ಕೂಗುತ್ತವೆ. ಅಣ್ಣಿಗೇರಿಗೆ ನಾನು ಒಯ್ದದ್ದು 6 ಇಂಚಿನ ಡಿಡಿ. ಬಿರುಕಿನ ಗುಂಟ ಅದನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನ ಸಾಗಿದಾಗ ಪುತಳಿಗಳು ಒಂದೊಂದಾಗಿ ಮಾತಾಡಿದವು. ಅಮ್ಮಾರು ಮಾತ್ರ "ಇಷ್ಟು ಸಣ್ಣದರಿಂದ ಏನಾದೀತ್ರಿ" ಅಂತ ಕೊನೆತನಕ ಅನುಮಾನಪಟ್ಟರು. ಗದಗಿನ ಕಪ್ಪತಗುಡ್ಡದ ಸುತ್ತಿನ ಕೆಮ್ಮಣ್ಣಿನಲ್ಲೂ ನಾನು ಡಿಡಿಯನ್ನೇ ಹಾಕುವುದು. ಅಲ್ಲಿ ಮಣ್ಣಿನ ಕಬ್ಬಿಣವೇ ಮಷೀನನ್ನು ಗೊಣಗಿಸುತ್ತದೆ, ಡಿಡಿ ಒಮ್ಮೆಗೆ ಕಡಿಮೆ ಮಣ್ಣು ನೋಡುತ್ತದೆ.

ಮನೆಯಲ್ಲಿ ಪರೀಕ್ಷೆ ಮಾಡುವವರು ಈಗಿನ ಒಂದು, ಎರಡು ರೂಪಾಯಿ ನಾಣ್ಯ ಹೂಳಬೇಡಿ. ಅವು ಅಯಸ್ಕಾಂತಕ್ಕೆ ಅಂಟುವ ಸ್ಟೀಲು, ಮಷೀನ್ ಅವನ್ನು ಕಬ್ಬಿಣದ ಸಾಲಿಗೆ ಸೇರಿಸಿಬಿಡಬಹುದು. ಹಿತ್ತಾಳೆ ಬಣ್ಣದ ಐದು ರೂಪಾಯಿ ಆದೀತು. ಮೊದಲು ಮಲಗಿಸಿ, ಆಮೇಲೆ ಓರೆ ಮಾಡಿ, ಕೊನೆಗೆ ನಿಲ್ಲಿಸಿ ನೋಡಿ.

ಅಮ್ಮಾರ ಸರದಲ್ಲಿ ಒಂದು ಪುತಳಿ ಇನ್ನೂ ಕಡಿಮೆ ಇದೆ. ಮಳೆಗೆ ಬಿರುಕು ಮುಚ್ಚಿಕೊಳ್ಳುವ ಮೊದಲೇ ಹರಗಿಸಿರಿ, ಕುಂಟೆಗೆ ಸಿಕ್ಕರೆ ಅದು ಮಲಗಲೂಬಹುದು, ಆಗ ಮತ್ತೆ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.