ಅದು ಆಟದಲ್ಲಿಲ್ಲ

ನಮ್ಮ ಕಡೆ ಬೈಗುಳ ಅಮ್ಮನವರೆಗೆ ಹೋಯಿತೆಂದರೆ ಮುಂದೆ ಕೈ ಮಿಲಾಯಿಸುವುದೇ. ಅಮೆರಿಕದ ವೆಸ್ಟ್ ಫಿಲಡೆಲ್ಫಿಯಾದ 52ನೇ ಬೀದಿಯ ಕಟಿಂಗ್ ಶಾಪ್‌ನಲ್ಲಿ ಸರದಿಗೆ ಕಾದು ಕೂತಿದ್ದ ಆ ಶನಿವಾರ, ಇಬ್ಬರು ಕಪ್ಪು ಹುಡುಗರು ಒಬ್ಬರ ತಾಯಿಯನ್ನೊಬ್ಬರು ಆಡಿಕೊಳ್ಳತೊಡಗಿದಾಗ ನನಗೆ ಎದೆ ಧಸಕ್ಕೆಂದಿತು.

"ನಿಮ್ಮಮ್ಮ ಎಷ್ಟು ನಿಧಾನ ಅಂದ್ರೆ, ಈ ರೋಡು ದಾಟೋಕೆ ಹೊರಟಾಗ ನೀನಿನ್ನೂ ಹೊಟ್ಟೇಲಿದ್ದೆ, ಆ ಕಡೆ ಸೇರೋ ಹೊತ್ತಿಗೆ ನಿನಗೆ ಗಡ್ಡ ಬಂದಿತ್ತು!"

ಅಂಗಡಿ ತುಂಬ ನಗು. ಅನ್ನಿಸಿಕೊಂಡವನು ಮುಖ ಗಂಟಿಕ್ಕಲಿಲ್ಲ. ಕುರ್ಚಿಯಲ್ಲಿ ತಲೆ ಅಲುಗಿಸದೆಯೇ ಹೇಳಿದ: "ನಿಮ್ಮನೆ ಎಷ್ಟು ಇಕ್ಕಟ್ಟು ಅಂದ್ರೆ, ಒಬ್ಬರು ಆಕಳಿಸಬೇಕಾದ್ರೆ ಇನ್ನೊಬ್ಬರು ಆಚೆ ಹೋಗಬೇಕು." ಮತ್ತೆ ನಗು, ಈ ಸಲ ಇನ್ನೂ ಜೋರು. ಗೆದ್ದವರು ಯಾರೆಂದು ಹೇಳುವುದು ಆ ನಗುವೇ. ಸಿಟ್ಟಾದವನು ಸೋತ.

ಇದೇ 'ಡಜನ್ಸ್', ಅಮೆರಿಕದ ಕಪ್ಪು ಜನರ ಬೈಗುಳದ ಆಟ. ವಾಷಿಂಗ್ಟನ್ ಕಡೆ ಜೋನಿಂಗ್, ಪಶ್ಚಿಮ ಕರಾವಳಿಯಲ್ಲಿ ಕ್ಯಾಪಿಂಗ್ ಎನ್ನುತ್ತಾರೆ. ಸ್ಪೆಕಲ್ಡ್ ರೆಡ್ ಎಂಬ ಪಿಯಾನೋ ವಾದಕ 1929ರಲ್ಲೇ ಇದನ್ನು ಬ್ಲೂಸ್ ಹಾಡಾಗಿಸಿ ರೆಕಾರ್ಡ್ ಮಾಡಿದ್ದ. ಇಂದಿನ ರ‍್ಯಾಪ್ ಬ್ಯಾಟಲ್‌ಗಳಿಗೂ ಇದರ ನಂಟಿದೆ.

ಆಟ ರಂಗೇರಿದಾಗ ಮೂಲೆಯಲ್ಲಿದ್ದ ಮೂರನೆಯವನೊಬ್ಬ ನಡುವೆ ಬಾಯಿ ಹಾಕಿ ಕುರ್ಚಿಯಲ್ಲಿದ್ದವನಿಗೆ ಹೇಳಿದ: "ಮನೆ ವಿಷ್ಯ ಬಿಡು, ಹೋದ ತಿಂಗಳು ನಿನ್ನ ಸಾಮಾನೆಲ್ಲ ಓನರ್ ಬೀದಿಗೆ ಹಾಕಿದ್ನಲ್ಲ." ಯಾರೂ ನಗಲಿಲ್ಲ. ವಯಸ್ಸಾದ ಕ್ಷೌರಿಕ ಮಷಿನ್ ಆಫ್ ಮಾಡಿ, ಅವನತ್ತ ತಿರುಗಿ, "ಅದು ಆಟದಲ್ಲಿಲ್ಲ" ಎಂದ. ಅಷ್ಟೇ. ಮೂಲೆಯವನು ತಕ್ಷಣ ಕ್ಷಮೆ ಕೇಳಿದ.

ಆಮೇಲೆ ಓದಿದಾಗ ಗೊತ್ತಾಯಿತು, ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕ್‌ನ ಹಾರ್ಲೆಮ್‌ನ ಕಪ್ಪು ಹುಡುಗರ ಮಾತು ಕೇಳಿ 1972ರಲ್ಲಿ ಬರೆದದ್ದೂ ಇದನ್ನೇ: ಬೈಗುಳ ಹಸಿಸುಳ್ಳೆಂದು ಕೂತವರಿಗೆಲ್ಲ ಗೊತ್ತಿರಬೇಕು. ನಿಜ ನುಸುಳಿತೋ, ಅದು ನೇರ ಅವಮಾನ. ರಸ್ತೆ ದಾಟಲು ಇಪ್ಪತ್ತು ವರ್ಷ ಹಿಡಿಯುವ ತಾಯಿ ಎಲ್ಲೂ ಇಲ್ಲ; ಬಾಡಿಗೆ ಕಟ್ಟಲಾಗದ ಮಗ ಎದುರಿಗೇ ಕೂತಿದ್ದಾನೆ. 1939ರಲ್ಲಿ ಜಾನ್ ಡಾಲಾರ್ಡ್ ಎಂಬ ವಿದ್ವಾಂಸ, ಬಿಳಿಯರ ಮೇಲೆ ತೋರಿಸಲಾಗದ ಸಿಟ್ಟನ್ನು ಕಪ್ಪು ಜನ ಹೀಗೆ ತಮ್ಮತಮ್ಮಲ್ಲೇ ತೀರಿಸಿಕೊಳ್ಳುತ್ತಾರೆ ಎಂದು ವಿವರಿಸಿದ್ದ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ನಾನು ಅಲ್ಲಿ ಕಂಡದ್ದು ಸಿಟ್ಟಲ್ಲ, ಎದುರಾಳಿಯ ನಿಜವಾದ ನೋವು ಎಲ್ಲಿದೆಯೆಂದು ತಿಳಿದೂ ಅದನ್ನು ಮುಟ್ಟದೆ ಸುತ್ತುಬಳಸಿ ಹೋಗುವ ಜಾಣ್ಮೆ. ಸರಕ್ಕನೆ ಹೊಳೆಯುವ ಹೋಲಿಕೆ, ಗಳಿಗೆ ತಪ್ಪದ ಉತ್ತರ, ಕೇಳುವವರನ್ನು ಕಟ್ಟಿಹಾಕುವ ಲಯ ಇವೆಲ್ಲ ಅದರ ಮೇಲೆ. ಇದನ್ನು ಕಾವ್ಯ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಆಟವನ್ನು ಮತ್ತೆ ಶುರು ಮಾಡಿದವನು ಮನೆ ಕಳೆದುಕೊಂಡ ಹುಡುಗನೇ. ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡು ಮೂಲೆಯವನಿಗೆ ಹೇಳಿದ: "ನಿಮ್ಮಮ್ಮಂಗೆ ಮರೆವು ಎಷ್ಟು ಅಂದ್ರೆ, ನಿನ್ನ ಹೆರೋಕೆ ಅಂತ ಆಸ್ಪತ್ರೆಗೆ ಹೋಗಿ, ಬೇರೆ ಯಾರೋ ಪೇಷೆಂಟ್ ನೋಡ್ಕೊಂಡು ವಾಪಸ್ ಬಂದ್ಲು." ಎಲ್ಲರಿಗಿಂತ ಮೊದಲು ನಕ್ಕವನು ಮೂಲೆಯವನು.