12 ಕಿಲೋಮೀಟರ್ ತಾನೇ ಅಂದುಕೊಂಡೆ

2017ರ ಮಳೆಗಾಲ. ದಕ್ಷಿಣ ಸುಡಾನ್‌ನ ಬೋರ್‌ನಲ್ಲಿ ಒಂದು ನೆರವು ಸಂಸ್ಥೆಯ ರೇಡಿಯೊ ರೂಮ್ ನೋಡಿಕೊಳ್ಳುತ್ತಿದ್ದೆ. ಯಾವ ಗಾಡಿ ಹೊರಟಿದೆ, ಒಳಗೆ ಯಾರಿದ್ದಾರೆ, ಎಷ್ಟು ಗಂಟೆಗೆ ಎಲ್ಲಿರಬೇಕು, ಇದೇ ಕೆಲಸ. ಹಿಂದಿನ ದಿನವೇ ಮ್ಯಾನಿಫೆಸ್ಟ್ (ಗಾಡಿಯಲ್ಲಿರುವವರ ಪಟ್ಟಿ) ಜೊತೆ ದಾರಿ ಬರೆದು, ಅಂತರ್ಯುದ್ಧದಲ್ಲಿ ಬಂದೂಕು ಹಿಡಿದ ಎರಡೂ ಕಡೆಯವರಿಗೆ ನೋಟಿಫಿಕೇಶನ್, ಅಂದರೆ ಇಂಥವರು ಇಂಥ ದಾರಿಯಲ್ಲಿ ಬರುತ್ತಾರೆ ಅನ್ನುವ ಪತ್ರ, ಕಳಿಸಬೇಕು.

ಆವತ್ತು ಲಸಿಕೆ ಟೀಮ್ ಹೊರಟಿತ್ತು. ಎರಡು ಲ್ಯಾಂಡ್‌ಕ್ರೂಸರ್, ಐದು ಜನ. ರಾತ್ರಿಯೆಲ್ಲ ಮಳೆ ಸುರಿದಿತ್ತು. ಅಲ್ಲಿಯದೂ ನಮ್ಮ ಗದಗ ಕಡೆಯಂಥದ್ದೇ ಎರೆ ಮಣ್ಣು. ನೆನೆದರೆ ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಏಳೂವರೆಗೆ ಡ್ರೈವರ್ ರೇಡಿಯೊದಲ್ಲಿ ಕೇಳಿದರು: ಮುಂದೆ ಹೋದರೆ ಗಾಡಿ ಹೂತುಹೋಗುತ್ತೆ, ದನದ ಕ್ಯಾಂಪ್ ಪಕ್ಕದ ದಾರಿ ಹಿಡಿಯಲಾ? ಎರೆಹೊಲದಲ್ಲೇ ಬೆಳೆದವನು ನಾನು. ಯೋಚಿಸಿದ್ದು ಮಣ್ಣಿನ ಬಗ್ಗೆ ಮಾತ್ರ. ಹೋಗಿ ಅಂದೆ.

ನೋಟಿಫಿಕೇಶನ್ ಬದಲಿಸುವುದು ಅರ್ಧ ಗಂಟೆಯ ಕೆಲಸ. 12 ಕಿಲೋಮೀಟರ್ ತಾನೇ ಅಂತ ಸುಮ್ನೆ ಬಿಟ್ಟೆ.

ಎಂಟೂವರೆಯ ಚೆಕ್-ಇನ್ ಬರಲಿಲ್ಲ. ಕರೆದೆ, ಬರೀ ಕರಕರ ಸದ್ದು. ಅವರ ಥುರಾಯಾ ಸ್ಯಾಟಲೈಟ್ ಫೋನ್ ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಆ ವರ್ಷ ಮಾರ್ಚ್ 25ರಂದು ಜುಬಾದಿಂದ ಪಿಬೋರ್‌ಗೆ ಹೊರಟಿದ್ದ ಆರು ಜನ ನೆರವು ಕೆಲಸದವರನ್ನು ಹೊಂಚು ಹಾಕಿ ಕೊಂದಿದ್ದರು. ತಲೆಯಲ್ಲಿ ಅದೇ ಸುತ್ತುತ್ತಿತ್ತು. ಗೋಡೆಯ ಬೋರ್ಡಿನಲ್ಲಿ ನನ್ನದೇ ಅಕ್ಷರದಲ್ಲಿ ಐದು ಹೆಸರು. ಆ ಕಡೆ ನೋಡಲು ಆಗಲಿಲ್ಲ.

ಐವತ್ತು ನಿಮಿಷ ಕಳೆದ ಮೇಲೆ ನರ್ಸ್ ಧ್ವನಿ ಕೇಳಿತು. ಚೆಕ್‌ಪಾಯಿಂಟ್‌ನಲ್ಲಿ ತಡೆದಿದ್ದಾರೆ. ಅವರ ಪಟ್ಟಿಯಲ್ಲಿ ಈ ದಾರಿಯೇ ಇಲ್ಲ. ಉಳಿದವರು ಹೋಗಬಹುದು, ಡ್ರೈವರ್ ಮಾತ್ರ ಇಲ್ಲೇ ಇರಬೇಕಂತೆ. ಡ್ರೈವರ್ ಆ ದೇಶದವರೇ. ಮಾತಿನ ಧಾಟಿಯಲ್ಲೇ ಯಾವ ಕುಲದವರು ಅಂತ ಅಲ್ಲಿ ಗೊತ್ತಾಗಿಬಿಡುತ್ತೆ. ನಮ್ಮಂಥ ಹೊರಗಿನವರಿಗೆ ಪಾಸ್‌ಪೋರ್ಟಿನ ಬಲವಾದರೂ ಇರುತ್ತೆ. ಅವರಿಗಿದ್ದದ್ದು ಆ ಒಂದು ಹಾಳೆ. ಅದನ್ನೂ ನಾನು ಸುಳ್ಳು ಮಾಡಿದ್ದೆ. ಇಂಥ ಕೆಲಸದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಆಯಾ ದೇಶದವರೇ ಅಂತ ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಅವರನ್ನು ಬಿಟ್ಟು ಟೀಮ್ ಕದಲಲಿಲ್ಲ. ಕಮಾಂಡರ್‌ಗೆ ಫೋನ್ ಮೇಲೆ ಫೋನ್ ಮಾಡಿ ಬಿಡಿಸುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು.

ಪತ್ರ ಸರಿಯಿದ್ದರೆ ಸಾಕು ಅಂತಲೂ ಅಲ್ಲ. 2024ರ ಏಪ್ರಿಲ್ 1ರಂದು ಗಾಜಾದ ದೇರ್ ಅಲ್ ಬಲಾಹ್‌ನಲ್ಲಿ ಇಸ್ರೇಲಿನ ಡ್ರೋನ್ ದಾಳಿಗೆ ಸತ್ತ ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ನೆರವು ಸಂಸ್ಥೆಯ ಏಳು ಜನ ಇಸ್ರೇಲ್ ಸೇನೆಗೆ ಮೊದಲೇ ತಿಳಿಸಿ ಹೊರಟವರು. ಆ ಮಾಹಿತಿ ಡ್ರೋನ್ ಹಾರಿಸುತ್ತಿದ್ದವರ ತನಕ ಹೋಗಿರಲಿಲ್ಲ ಅಂತ ಸೇನೆಯ ತನಿಖೆಯೇ ಹೇಳಿತು. ಟ್ರಿಗರ್ ಮೇಲೆ ಬೆರಳಿಟ್ಟವನಿಗೆ ತಲುಪದ ಪತ್ರ ಇದ್ದೂ ಇಲ್ಲದಂತೆ, ಅಲ್ವಾ?

ನಮ್ಮ ಫಾರ್ಮ್‌ನಲ್ಲಿ ಬದಲಿ ದಾರಿಗೆ ಒಂದು ಸಾಲು ಕೊಡಿ ಅಂತ ಮೇಲಿನವರಿಗೆ ಮೂರು ಸಲ ಬರೆದೆ. ಕೊಡಲಿಲ್ಲ. ಈಗಲೂ ಆ ಸಿಟ್ಟಿದೆ.

ಆವತ್ತು ಸಂಜೆ ಡ್ರೈವರ್ ಬಂದು ರೇಡಿಯೊ ರೂಮಿನ ಬಾಗಿಲಲ್ಲಿ ನಿಂತರು. ಬೂಟಿನ ತುಂಬ ಎರೆ. "ನಾಳೆಗೆ ಯಾವ ದಾರಿ ಬರೀತೀಯ?" ಅಂದರು. ಖಾಲಿ ಫಾರ್ಮನ್ನೂ ಪೆನ್ನನ್ನೂ ಅವರ ಮುಂದಿಟ್ಟೆ.